ಎರಡು ಗಡಿಯಾರಗಳ ಪೇಟೆ

ಡಿಸೆಂಬರ್ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಗಡಿಬಿಡಿ ಶುರುವಾಗುತ್ತದೆ. ಹಣ ಕಟ್ಟುವುದು, ಒಪ್ಪಿಗೆ ಪತ್ರಕ್ಕೆ ಅಪ್ಪನ ಸಹಿ ಹಾಕಿಸುವುದು, ಬುತ್ತಿಗೆ ಚಪಾತಿಯೋ ರೊಟ್ಟಿಯೋ ಎಂಬ ಚರ್ಚೆ ಎಲ್ಲ ಮುಗಿದು ಬಸ್ಸು ಹೊರಟರೆ, ನೋಡುವ ಸ್ಥಳಗಳ ಪಟ್ಟಿ ಮಾತ್ರ ಹೆಚ್ಚುಕಡಿಮೆ ಪ್ರತಿ ವರ್ಷವೂ ಒಂದೇ. ಶ್ರವಣಬೆಳಗೊಳ, ಶ್ರೀರಂಗಪಟ್ಟಣ, ಮೈಸೂರಿನ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ.

ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರದೆ ಉಳಿಯುವ ಸ್ಥಳವೊಂದಿದೆ. ಅದಕ್ಕೆ ಪ್ರವೇಶ ಶುಲ್ಕವಿಲ್ಲ, ಚಪ್ಪಲಿ ಬಿಡಬೇಕಿಲ್ಲ, ಸಾಲಿನಲ್ಲಿ ನಿಲ್ಲಬೇಕಿಲ್ಲ. ಅರಮನೆಯ ಉತ್ತರ ದ್ವಾರದಿಂದ ಸುಮಾರು ಹತ್ತು ನಿಮಿಷದ ನಡಿಗೆ. ಅದೇ ಮೈಸೂರಿನ ಹಳೆಯ ಪೇಟೆಯ ಚೌಕ. ಒಂದು ಕಡೆ ದೊಡ್ಡ ಗಡಿಯಾರ, ಇನ್ನೊಂದು ಕಡೆ ಚಿಕ್ಕ ಗಡಿಯಾರ, ನಡುವೆ ಕೃಷ್ಣರಾಜ ವೃತ್ತ, ಸಮೀಪದಲ್ಲೇ ಲ್ಯಾನ್ಸ್‌ಡೌನ್ ಕಟ್ಟಡ, ಅದರಾಚೆ ದೇವರಾಜ ಮಾರುಕಟ್ಟೆ. ಅರಮನೆ ರಾಜರು ಹೇಗೆ ಬದುಕಿದರೆಂದು ಹೇಳಿದರೆ, ಈ ಚೌಕ ಜನ ಹೇಗೆ ಬದುಕಿದರೆಂದು ಹೇಳುತ್ತದೆ. ಹಾಗೆ ನೋಡಿದರೆ ಇದು ಇತಿಹಾಸದ ಪಾಠ ಮಾತ್ರವಲ್ಲ. ರಸಾಯನಶಾಸ್ತ್ರ, ಭೌತಶಾಸ್ತ್ರ, ಭೂಗೋಳ ಎಲ್ಲವೂ ಒಂದೇ ಕಡೆ ಸಿಗುವ ತೆರೆದ ಪ್ರಯೋಗಾಲಯ.

ಕಾಲುವೆಯ ಮೇಲೆ ರಸ್ತೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ರಾಜಧಾನಿ ಮತ್ತೆ ಮೈಸೂರಿಗೆ ಬಂತು. ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ಆಗಿನ್ನೂ ಪುಟ್ಟ ಬಾಲಕ. ಆಡಳಿತದ ಹೊಣೆ ದಿವಾನ್ ಪೂರ್ಣಯ್ಯನವರದು. ಊರು ಬೆಳೆಯಬೇಕಾದರೆ ನೀರು ಬೇಕು. ಕಾವೇರಿ ಹರಿಯುವುದು ಹತ್ತಿರದಲ್ಲೇ ಆದರೂ ಮೈಸೂರು ಇರುವುದು ಎತ್ತರದಲ್ಲಿ. ಕಾಲುವೆ ತೋಡಿ ಕಾವೇರಿ ನೀರನ್ನು ಊರಿಗೆ ತರಲು ಪೂರ್ಣಯ್ಯ ಯತ್ನಿಸಿದರು. ಯೋಜನೆ ಅಂದುಕೊಂಡಂತೆ ಫಲ ಕೊಡಲಿಲ್ಲ. ನೀರು ತಾನಾಗಿ ಏರು ಹತ್ತುವುದಿಲ್ಲ ಎಂಬ ನಿಯಮ ದಿವಾನರಿಗೂ ಒಂದೇ, ಮೂರನೇ ತರಗತಿಯ ಹುಡುಗನಿಗೂ ಒಂದೇ.

ಆದರೆ ಆ ಕಾಲುವೆ ಊರಿನ ನಡುವೆ ಆಳವಾದ ಹಳ್ಳದಂತೆ ಬಹಳ ಕಾಲ ಉಳಿಯಿತು. ಜನ ಅದನ್ನು ಪೂರ್ಣಯ್ಯ ನಾಲೆ ಎಂದೇ ಕರೆದರು. ಮುಂದೆ ಅದನ್ನು ಮುಚ್ಚಿ ಸಮ ಮಾಡಲಾಯಿತು. ಅದರ ಮೇಲೆ ಅಗಲವಾದ ರಸ್ತೆ ಬಂತು. ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಹೆಸರು ಹೊತ್ತ ಸಯ್ಯಾಜಿರಾವ್ ರಸ್ತೆ ಅದೇ. ವಿಜಯದಶಮಿಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಬನ್ನಿಮಂಟಪದತ್ತ ಸಾಗುವುದೂ ಇದೇ ರಸ್ತೆಯಲ್ಲಿ. ಟಿ.ವಿ.ಯಲ್ಲಿ ಜಂಬೂಸವಾರಿ ನೋಡುವವರಿಗೆ ಆನೆಯ ಪಕ್ಕದಲ್ಲಿ ಕಾಣುವ ಹಳೆಯ ಅಂಗಡಿ ಸಾಲು ದೇವರಾಜ ಮಾರುಕಟ್ಟೆಯದು.

ರಸ್ತೆಗಿಂತ ಮೊದಲೇ ಇಲ್ಲಿ ಸಂತೆ ಸೇರುತ್ತಿತ್ತೆಂದು ಹೇಳುತ್ತಾರೆ. ಸುತ್ತಲ ಹಳ್ಳಿಯವರು ತರಕಾರಿ, ಹೂವು, ಎಲೆ ತಂದು ನೆಲದ ಮೇಲೆ ಹರಡಿಕೊಂಡು ಮಾರುವ ಜಾಗ. 1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನು ಮತ್ತೆ ಒಡೆಯರ ಕೈಗೆ ಒಪ್ಪಿಸಿದರು. ಹತ್ತನೇ ಚಾಮರಾಜ ಒಡೆಯರ ಆಳ್ವಿಕೆ ಆರಂಭವಾಯಿತು. ನೆಲದ ಮೇಲಿನ ಸಂತೆಗೆ ಗೋಡೆ, ಸೂರು, ಬಾಗಿಲು ಬಂದದ್ದು ಅವರ ಕಾಲದಲ್ಲಿ. ಅದು ಇನ್ನಷ್ಟು ಹಿಗ್ಗಿದ್ದು ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ನಡುವೆ, 19ನೇ ಶತಮಾನದ ಕೊನೆಯಲ್ಲಿ ಊರನ್ನು ಪ್ಲೇಗ್ ಕಾಡಿತು. ಇಕ್ಕಟ್ಟಾದ ಕೇರಿಗಳು ರೋಗಕ್ಕೆ ತವರಾಗುತ್ತವೆ ಎಂಬುದು ಮನವರಿಕೆಯಾಗಿ 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿಗೆಂದೇ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಗಾಳಿ, ಬೆಳಕು, ಚರಂಡಿ ಇವು ಊರು ಕಟ್ಟುವವರ ಮೊದಲ ಚಿಂತೆಯಾದವು. ಮೈಸೂರಿನ ಅಗಲ ರಸ್ತೆಗಳನ್ನು ಹೊಗಳುವವರು ಆ ಹೊಗಳಿಕೆಯ ಹಿಂದೆ ಒಂದು ರೋಗದ ನೆನಪೂ ಇದೆಯೆಂಬುದನ್ನು ತಿಳಿದಿರಬೇಕು.

ಚಿಕ್ಕದು, ದೊಡ್ಡದು

ಮಾರುಕಟ್ಟೆಯ ದಕ್ಷಿಣದ ಬಾಗಿಲ ಮುಂದೆ ನಿಂತಿರುವುದು ಚಿಕ್ಕ ಗಡಿಯಾರ. ದಾಖಲೆಗಳಲ್ಲಿ ಇದರ ಹೆಸರು ಡಫರಿನ್ ಗಡಿಯಾರ ಗೋಪುರ. ಬ್ರಿಟಿಷ್ ವೈಸ್‌ರಾಯ್ ಲಾರ್ಡ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಕಟ್ಟಿದ್ದು. ಆ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಊರಿನವರಿಗೆ ಅದು ಅಂದೂ ಇಂದೂ ಚಿಕ್ಕ ಗಡಿಯಾರವೇ.

ದೊಡ್ಡ ಗಡಿಯಾರ ಇರುವುದು ಅರಮನೆಯ ಬಳಿ, ಪುರಭವನದ ಹತ್ತಿರ. ನಾಲ್ವಡಿಯವರು ಆಡಳಿತ ವಹಿಸಿಕೊಂಡು 25 ವರ್ಷ ತುಂಬಿದ ಸಂದರ್ಭದಲ್ಲಿ, 1927ರಲ್ಲಿ, ಅರಮನೆಯ ನೌಕರರು ಹಣ ಸೇರಿಸಿ ಕಟ್ಟಿಸಿದ ಗೋಪುರ. ಎತ್ತರ 75 ಅಡಿ. ಇದರ ಮುಖದಲ್ಲಿ ಅಂಕಿಗಳು ಕನ್ನಡದವು. ಒಂದರಿಂದ ಹನ್ನೆರಡರವರೆಗೆ ಕನ್ನಡ ಅಂಕಿ ಓದಲು ತಡವರಿಸುವ ಮಕ್ಕಳಿಗೆ ಇಲ್ಲಿ ಒಂದು ನಿಮಿಷದ ಪರೀಕ್ಷೆ ಇಡಬಹುದು. ಪಕ್ಕದ ಪುರಭವನಕ್ಕೆ ದಿವಾನ್ ರಂಗಾಚಾರ್ಲು ಅವರ ಹೆಸರಿದೆ. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನರು ಅವರು.

ಪೇಟೆಯ ನಡುವೆ ಗಡಿಯಾರ ಏಕೆ ಬೇಕಿತ್ತು? ಕೈಗಡಿಯಾರ ಸಾಹುಕಾರರ ಸೊತ್ತಾಗಿದ್ದ ಕಾಲ ಅದು. ರೈಲು, ಕಚೇರಿ, ಶಾಲೆ ಎಲ್ಲವೂ ಗಂಟೆಯ ಲೆಕ್ಕಕ್ಕೆ ಬಂದಿದ್ದವು. ಹಳ್ಳಿಯಿಂದ ಬಂದ ರೈತ ನೆರಳು ನೋಡಿ ಹೊತ್ತು ಹೇಳಬಲ್ಲವನಾಗಿದ್ದರೂ ಕಚೇರಿಯ ಬಾಗಿಲು ಯಾವಾಗ ತೆರೆಯುತ್ತದೆಂದು ನೆರಳು ಹೇಳುತ್ತಿರಲಿಲ್ಲ. ಊರಿಗೆಲ್ಲ ಒಂದೇ ಹೊತ್ತು ಎಂಬುದನ್ನು ಕಲಿಸಿದ್ದು ಇಂತಹ ಗೋಪುರಗಳು.

ನೆತ್ತಿಯ ಸೂರ್ಯ, ಗೋಪುರದ ಮುಳ್ಳು

ಇಲ್ಲೊಂದು ಸ್ವಾರಸ್ಯವಿದೆ. ಚಿಕ್ಕ ಗಡಿಯಾರ ಕಟ್ಟಿದಾಗ ಇಡೀ ಭಾರತಕ್ಕೆ ಒಂದೇ ಕಾಲಮಾನ ಇರಲಿಲ್ಲ. ಮದ್ರಾಸಿನ ಹೊತ್ತು ಬೇರೆ, ಮುಂಬಯಿಯದು ಬೇರೆ, ಕಲ್ಕತ್ತೆಯದು ಬೇರೆ. ಈಗಿನ ಭಾರತೀಯ ಕಾಲಮಾನ ಜಾರಿಗೆ ಬಂದದ್ದು 1906ರಲ್ಲಿ. ಅದಕ್ಕೆ ಆಧಾರ ಪೂರ್ವದ 82.5 ಡಿಗ್ರಿ ರೇಖಾಂಶ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಮೈಸೂರಿನ ರೇಖಾಂಶ ಸುಮಾರು 76.65 ಡಿಗ್ರಿ. ವ್ಯತ್ಯಾಸ 5.85 ಡಿಗ್ರಿ, ಅದನ್ನು ನಾಲ್ಕರಿಂದ ಗುಣಿಸಿದರೆ ಸುಮಾರು 23 ನಿಮಿಷ. ಎಂದರೆ ಗೋಪುರದ ಎರಡೂ ಮುಳ್ಳು ಹನ್ನೆರಡರ ಮೇಲೆ ಕೂಡಿದಾಗ ಮೈಸೂರಿನ ಸೂರ್ಯ ಇನ್ನೂ ಮಧ್ಯಾಹ್ನದ ಗೆರೆ ಮುಟ್ಟಿರುವುದಿಲ್ಲ. ಅದಕ್ಕೆ ಸರಾಸರಿ 12 ಗಂಟೆ 23 ನಿಮಿಷ ಆಗಬೇಕು.

ಸರಾಸರಿ ಎನ್ನಲು ಕಾರಣವಿದೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ಣ ವೃತ್ತವಲ್ಲ, ಅದರ ಅಕ್ಷವೂ ವಾಲಿದೆ. ಹಾಗಾಗಿ ವರ್ಷದಲ್ಲಿ ಈ ಹೊತ್ತು ಕಾಲು ಗಂಟೆಯಷ್ಟು ಹಿಂದೆ ಮುಂದೆ ಸರಿಯುತ್ತದೆ. ಡಿಸೆಂಬರ್ 25ರ ಆಸುಪಾಸಿನಲ್ಲಿ ಈ ವ್ಯತ್ಯಾಸ ಬಹುತೇಕ ಸೊನ್ನೆ. ಶಾಲಾ ಪ್ರವಾಸದ ಕಾಲವೂ ಅದೇ ಆಗಿರುವುದರಿಂದ ಲೆಕ್ಕವನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ದಿನವಿಲ್ಲ. ಒಂದು ಕೋಲು ನೆಟ್ಟಗೆ ಹಿಡಿದು ನೆರಳು ಅತಿ ಗಿಡ್ಡವಾಗುವ ಕ್ಷಣ ಗುರುತು ಮಾಡಿದರೆ ಸಾಕು. ಊರಿಗೆ ಮರಳಿದ ಮೇಲೂ ಇದನ್ನು ಮಾಡಬಹುದು. ಜಗಳೂರಿನಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೆ, ಚನ್ನಗಿರಿಯಲ್ಲಿ 26ಕ್ಕೆ, ಹೊನ್ನಾಳಿಯಲ್ಲಿ 27ಕ್ಕೆ, ನ್ಯಾಮತಿಯಲ್ಲಿ 28ಕ್ಕೆ ನೆರಳು ಅತಿ ಚಿಕ್ಕದಾಗುತ್ತದೆ. ಒಂದೇ ಜಿಲ್ಲೆಯ ನಾಲ್ಕು ಊರುಗಳ ನಡುವೆ ಮೂರು ನಿಮಿಷದ ಅಂತರ! ಭೂಮಿ ದುಂಡಗಿದೆ, ತಿರುಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಬೇಕೇ?

ಬಾಗಿಲು ದಾಟಿದರೆ

ಚಿಕ್ಕ ಗಡಿಯಾರದ ಕಡೆಯಿಂದ ಮಾರುಕಟ್ಟೆಯೊಳಗೆ ಕಾಲಿಟ್ಟರೆ ಮೊದಲು ಎಚ್ಚರವಾಗುವುದು ಮೂಗು. ಮಲ್ಲಿಗೆ, ಮರುಗ, ಸುಗಂಧರಾಜ, ಊದಿನಕಡ್ಡಿ, ಮಾಗಿದ ಬಾಳೆಹಣ್ಣು, ಕೊತ್ತಂಬರಿ ಸೊಪ್ಪು ಎಲ್ಲವೂ ಸೇರಿದ ವಾಸನೆ. ಹೂವಿನವರು ಮೊಳ ಹಾಕುವ ವೇಗ ನೋಡುವಂಥದ್ದು. ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಮೊಳ ಒಬ್ಬೊಬ್ಬರದು ಒಂದೊಂದು ಅಳತೆ. ಎತ್ತರದ ಹೂವಾಡಗಿತ್ತಿಯ ಬಳಿ ಕೊಂಡರೆ ಲಾಭ ಎಂಬ ಲೆಕ್ಕಾಚಾರ ಗಿರಾಕಿಗಳಿಗೆ ಹಿಂದಿನಿಂದಲೂ ಇದೆ.

ಅರಿಶಿನ, ಕುಂಕುಮ ಮತ್ತು ಬಣ್ಣದ ಪುಡಿಗಳನ್ನು ಗೋಪುರದಂತೆ ಚೂಪಾಗಿ ರಾಶಿ ಹಾಕಿಟ್ಟ ಅಂಗಡಿಗಳು ಪ್ರಪಂಚದ ನಾನಾ ದೇಶಗಳ ಪ್ರವಾಸಿಗರ ಕ್ಯಾಮೆರಾಗಳಲ್ಲಿ ಸೇರಿಹೋಗಿವೆ. ಪುಡಿಯ ರಾಶಿ ಒಂದು ಮಿತಿಗಿಂತ ಚೂಪಾಗದು, ಜಾರಿ ಬೀಳುತ್ತದೆ; ಆ ಮಿತಿಯನ್ನು ನಿರ್ಧರಿಸುವುದು ಕಣಗಳ ನಡುವಿನ ಘರ್ಷಣೆ. ಒಣ ಮರಳಿಗೆ ಒಂದು ಕೋನ, ರಾಗಿಗೆ ಒಂದು ಕೋನ. ಕಣದಲ್ಲಿ ಮೆಕ್ಕೆಜೋಳದ ರಾಶಿ ನೋಡಿ ಬೆಳೆದ ಜಗಳೂರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಂಕುಮದ ನಯವಾದ ಪುಡಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಅಷ್ಟು ಚೂಪಾಗಿ ನಿಲ್ಲುತ್ತದೆ, ಅದರ ಮೇಲೆ ಅಂಗಡಿಯವನ ಕೈಚಳಕ ಬೇರೆ.

ಮುಂದೆ ಎಲೆ ಅಂಗಡಿಗಳು. ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮೂರೂ ಮಾರುಕಟ್ಟೆಯ ಹಳೆಯ ಸರಕುಗಳು. ಎಲೆಯ ಜೊತೆಗೆ ಅಡಿಕೆ ಇರಲೇಬೇಕಲ್ಲ. ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯ ಜಾತಿ ಬಿಡಿಸಿ ಹೇಳಬಲ್ಲ ಚನ್ನಗಿರಿಯ ಮಕ್ಕಳು ಇಲ್ಲಿ ಅಂಗಡಿಯವರನ್ನೇ ತಬ್ಬಿಬ್ಬು ಮಾಡಬಹುದು. ತೋಟದಲ್ಲಿ ಗೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಕೊನೆಗೆ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಂತಹ ಸಣ್ಣ ಅಂಗಡಿಯ ಕಟ್ಟೆಯ ಮೇಲಿದೆ.

ಮಾರುಕಟ್ಟೆಯ ವಿಸ್ತಾರ ಮೂರೂವರೆ ಎಕರೆಗೂ ಮಿಕ್ಕಿ. ಅಂಗಡಿಗಳು ಎಂಟುನೂರಕ್ಕೂ ಹೆಚ್ಚು. ವಿನ್ಯಾಸ ಸರಳ. ರಸ್ತೆಗೆ ಮುಖ ಮಾಡಿದ ಅಂಗಡಿಗಳ ಉದ್ದ ಸಾಲು ಹೊರಗೋಡೆಯಂತೆ ನಿಂತು ಒಳಗಿನ ಪೇಟೆಯನ್ನು ಕಾಯುತ್ತದೆ. ಅಲ್ಲಲ್ಲಿ ಕಮಾನಿನ ಬಾಗಿಲುಗಳು. ಒಳಗೆ ಉದ್ದುದ್ದಕ್ಕೆ ಓಣಿಗಳು, ಓಣಿಯ ಎರಡೂ ಬದಿ ಎತ್ತರದ ಕಟ್ಟೆಯ ಅಂಗಡಿಗಳು. ಹೂವಿಗೊಂದು ಕಡೆ, ಹಣ್ಣಿಗೊಂದು ಕಡೆ, ತರಕಾರಿಗೊಂದು ಕಡೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು ಎನಿಸುತ್ತದೆ. ದಪ್ಪ ಗೋಡೆ ಹಗಲಿನ ಶಾಖವನ್ನು ಮೆಲ್ಲಗೆ ಹೀರುತ್ತದೆ, ಮೆಲ್ಲಗೆ ಬಿಡುತ್ತದೆ; ಎದುರುಬದುರು ಬಾಗಿಲುಗಳು ಗಾಳಿಗೆ ದಾರಿ ಕೊಡುತ್ತವೆ. ಫ್ರಿಜ್ ಇಲ್ಲದ ಕಾಲದಲ್ಲಿ ಸೊಪ್ಪು ಸಂಜೆವರೆಗೆ ಬಾಡದಿರಲು ಕಟ್ಟಡವೇ ನೆರವಾಗಬೇಕಿತ್ತು.

ಕೃಷ್ಣರಾಜ ವೃತ್ತದ ಬಳಿಯ ಲ್ಯಾನ್ಸ್‌ಡೌನ್ ಕಟ್ಟಡದ ಗತ್ತೇ ಬೇರೆ. 1892ರಲ್ಲಿ ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ ಎದ್ದ ಎರಡಂತಸ್ತಿನ ಉದ್ದನೆಯ ಕಟ್ಟಡ. ಕೆಳಗೆ ಅಂಗಡಿ ಸಾಲು. ಹಳೆಯ ಪುಸ್ತಕಗಳ ಅಂಗಡಿಗಳಿಗೆ ಅದು ಹೆಸರಾಗಿತ್ತು. ಹೊಸ ಪುಸ್ತಕ ಕೊಳ್ಳಲಾಗದ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡು, ಪರೀಕ್ಷೆ ಮುಗಿದ ಮೇಲೆ ಅಲ್ಲೇ ಮಾರಿ ಮುಂದಿನ ತರಗತಿಯದನ್ನು ಕೊಂಡರು. ಅರಮನೆಯ ಎದುರಿನ ಊರಿನಲ್ಲಿ ಬಡವರ ಮಕ್ಕಳ ಗ್ರಂಥಾಲಯ ಅದು ಎಂದರೆ ತಪ್ಪಾಗಲಾರದು.

ಸುಣ್ಣದ ಗುಟ್ಟು

ಈ ಕಟ್ಟಡಗಳು ಎದ್ದ ಕಾಲದಲ್ಲಿ ಇಲ್ಲಿ ಸಿಮೆಂಟು ಸಾಮಾನ್ಯ ಬಳಕೆಗೆ ಬಂದಿರಲಿಲ್ಲ. ಇಟ್ಟಿಗೆಯನ್ನು ಇಟ್ಟಿಗೆಗೆ ಕೂಡಿಸಿದ್ದು ಸುಣ್ಣದ ಗಾರೆ. ಇದರ ರಸಾಯನಶಾಸ್ತ್ರ ಪ್ರೌಢಶಾಲೆಯ ಪುಸ್ತಕದಲ್ಲೇ ಇದೆ. ಸುಣ್ಣದಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಕಾರ್ಬನ್ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಇದೇ. ಅರಳಿದ ಸುಣ್ಣಕ್ಕೆ ಮರಳೋ ಇಟ್ಟಿಗೆ ಪುಡಿಯೋ ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದರೆ ಗಾರೆ. ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸುವ ರೂಢಿಯೂ ದಕ್ಷಿಣ ಭಾರತದಲ್ಲಿತ್ತು.

ಗೋಡೆಗೆ ಸೇರಿದ ಗಾರೆ ಗಾಳಿಯಲ್ಲಿನ ಕಾರ್ಬನ್ ಡೈ ಆಕ್ಸೈಡನ್ನು ನಿಧಾನವಾಗಿ ಹೀರುತ್ತದೆ. ಹೀರಿ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಎಂದರೆ ಹುಟ್ಟಿದ ಕಲ್ಲಿಗೇ ಮರಳುತ್ತದೆ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದಾಗ ಅದು ಹಾಲಿನಂತೆ ಬೆಳ್ಳಗಾಗುವ ಪ್ರಯೋಗ ಎಲ್ಲರಿಗೂ ಗೊತ್ತು. ಗೋಡೆಯೊಳಗೆ ನಡೆಯುವುದೂ ಅದೇ, ವರ್ಷಗಟ್ಟಲೆ. ಇಂತಹ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ತೇವ ಹೀರಿದರೂ ಬೇಸಿಗೆಯಲ್ಲಿ ಹೊರಹಾಕುತ್ತದೆ. ಸ್ವಲ್ಪ ಬಳುಕುತ್ತದೆ ಕೂಡ. ಸಣ್ಣ ಬಿರುಕು ಬಿಟ್ಟರೆ ಸುಣ್ಣ ನೀರಿನಲ್ಲಿ ಕರಗಿ ಬಂದು ಬಿರುಕನ್ನು ತುಂಬುವುದೂ ಉಂಟು.

ಚಾವಣಿಗೆ ಆ ಕಾಲದಲ್ಲಿ ರೂಢಿಯಲ್ಲಿದ್ದದ್ದು ಮದ್ರಾಸ್ ತಾರಸಿ. ಮರದ ತೊಲೆಗಳನ್ನು ಹಾಸಿ, ಅವುಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕೂಡಿಸಿ, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣವನ್ನು ಬಡಿದು ಬಡಿದು ಗಟ್ಟಿ ಮಾಡುವ ವಿಧಾನ. ಹಳೆಯ ಮನೆಗಳಲ್ಲಿ, ಪ್ರವಾಸಿ ಮಂದಿರಗಳಲ್ಲಿ ಈಗಲೂ ಅಪರೂಪಕ್ಕೆ ಕಾಣಸಿಗುತ್ತದೆ.

ಇಷ್ಟೆಲ್ಲ ಗಟ್ಟಿಯಾದ ಕಟ್ಟಡಕ್ಕೆ ಶತ್ರು ಯಾವುದು? ನೀರು. ತಾರಸಿಯ ಮೇಲೆ ನಿಂತ ನೀರು ತೊಲೆಯ ತುದಿಗೆ ಇಳಿದರೆ ಮರ ಕೊಳೆಯುತ್ತದೆ. ಹಕ್ಕಿ ಹಿಕ್ಕೆಯಲ್ಲಿ ಬಂದ ಅರಳಿ ಬೀಜ ಬಿರುಕಿನಲ್ಲಿ ಮೊಳೆತರೆ ಬೇರು ಗೋಡೆಯನ್ನು ಸೀಳುತ್ತದೆ. ಇನ್ನೊಂದು ಶತ್ರು ಅರೆಬರೆ ದುರಸ್ತಿ. ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿದರೆ ಹೊರಗಿನಿಂದ ನೋಡಲು ಚೆನ್ನ. ಒಳಗೆ ಸೇರಿದ ತೇವ ಹೊರಬರಲು ದಾರಿ ಸಿಗದೆ ಮೆತ್ತನೆಯ ಇಟ್ಟಿಗೆಯನ್ನೇ ತಿನ್ನುತ್ತದೆ. ನೆಗಡಿಯಾದವನ ಮೂಗು ಕಟ್ಟಿದಂತೆ!

ಕುಸಿದ ಗೋಡೆಗಳು

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದುಬಿತ್ತು. ನಾಲ್ವರು ಪ್ರಾಣ ಕಳೆದುಕೊಂಡರು. ಅಲ್ಲಿನ ಅಂಗಡಿಗಳು ತೆರವಾದವು, ಪುಸ್ತಕ ವ್ಯಾಪಾರಿಗಳು ದಿಕ್ಕಿಗೊಬ್ಬರಾದರು. ಕಟ್ಟಡ ಮೌನವಾಗಿ ನಿಂತಿತು.

ನಾಲ್ಕು ವರ್ಷದ ನಂತರ, 2016ರ ಆಗಸ್ಟ್ 28ರಂದು, ದೇವರಾಜ ಮಾರುಕಟ್ಟೆಯ ಉತ್ತರ ತುದಿಯಲ್ಲಿ ಧನ್ವಂತರಿ ರಸ್ತೆಯ ಕಡೆಯ ಬಾಗಿಲಿನ ಭಾಗ ಕುಸಿಯಿತು. ಮಾರುಕಟ್ಟೆಯ ದುರಸ್ತಿ ಕೆಲಸ ನಡೆಯುತ್ತಿದ್ದ ದಿನಗಳವು. ಆ ಘಟನೆಯ ಬಳಿಕ ಮೈಸೂರಿನಲ್ಲಿ ಒಂದೇ ಪ್ರಶ್ನೆ: ಕೆಡವಿ ಹೊಸದು ಕಟ್ಟುವುದೋ, ಇದನ್ನೇ ಸರಿಪಡಿಸಿ ಉಳಿಸುವುದೋ?

ತಜ್ಞರಲ್ಲೇ ಎರಡು ಪಂಗಡಗಳಾದವು. ಕಟ್ಟಡ ಬಲ ಕಳೆದುಕೊಂಡಿದೆ, ದಿನವೂ ಸಾವಿರಾರು ಜನ ಓಡಾಡುವ ಜಾಗ, ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟುವುದೇ ಕ್ಷೇಮ ಎಂದರು ಕೆಲವರು. ಬಿದ್ದದ್ದು ಸ್ವಲ್ಪ ಭಾಗ, ಉಳಿದದ್ದಕ್ಕೆ ಸುಣ್ಣದ ಗಾರೆಯಲ್ಲೇ ಚಿಕಿತ್ಸೆ ಮಾಡಬಹುದು, ಕೆಡವಿ ಕಟ್ಟಿದ್ದು ನಕಲಾಗುತ್ತದೆಯೇ ಹೊರತು ಪರಂಪರೆಯಾಗದು ಎಂದರು ಪಾರಂಪರಿಕ ಕಟ್ಟಡಗಳ ತಜ್ಞರು. ಸಮಿತಿಗಳಾದವು, ವರದಿಗಳು ಬಂದವು, ವಿಷಯ ಹೈಕೋರ್ಟಿನವರೆಗೂ ಹೋಯಿತು. ನಡುವೆ ಸಿಕ್ಕಿಕೊಂಡವರು ತಲೆತಲಾಂತರದಿಂದ ಅಲ್ಲೇ ವ್ಯಾಪಾರ ಮಾಡುತ್ತಾ ಬಂದ ನೂರಾರು ಕುಟುಂಬಗಳು. ಅವರಿಗೆ ಎರಡು ಹೆದರಿಕೆ. ಇದ್ದರೆ ಗೋಡೆ ಬಿದ್ದೀತು ಎಂಬುದು ಒಂದು; ಹೊರಟರೆ ಮತ್ತೆ ಒಳಗೆ ಬರಲಾಗದಿರಬಹುದು, ಬಂದರೂ ಹೊಸ ಬಾಡಿಗೆ ಕಟ್ಟಲಾಗದಿರಬಹುದು ಎಂಬುದು ಇನ್ನೊಂದು.

ಎರಡೂ ಕಡೆಯ ಮಾತನ್ನು ಸಮಾಧಾನದಿಂದ ಕೇಳಬೇಕು. ಹಳೆಯದು ಎಂಬ ಒಂದೇ ಕಾರಣಕ್ಕೆ ಜನರ ತಲೆಯ ಮೇಲೆ ಅಪಾಯ ತೂಗಿಬಿಡುವಂತಿಲ್ಲ. ನಾಲ್ಕು ಜೀವಗಳ ಲೆಕ್ಕವನ್ನು ಯಾವ ಕಮಾನಿನ ಚೆಲುವೂ ತುಂಬಿಕೊಡದು. ಹಾಗೆಂದು ಹಳೆಯದು ಎಂಬ ಒಂದೇ ಕಾರಣಕ್ಕೆ ಕೆಡವುವಂತೆಯೂ ಇಲ್ಲ. ಗೋಡೆ ಬಿದ್ದದ್ದು ವಯಸ್ಸಾಗಿ ಎನ್ನುವುದು ಅರ್ಧಸತ್ಯ. ಅದಕ್ಕಿಂತ ಎಷ್ಟೋ ಹಳೆಯ ಸುಣ್ಣದ ಕಟ್ಟಡಗಳು ಗಟ್ಟಿಯಾಗಿ ನಿಂತಿವೆ. ತಾರಸಿಯ ನೀರು ಹರಿದುಹೋಗುವ ಕೊಳವೆ ಕಟ್ಟಿಕೊಂಡಿದೆಯೇ ಎಂದು ಪ್ರತಿ ಮಳೆಗಾಲಕ್ಕೆ ಮೊದಲು ನೋಡುವ ಕೈಗಳು ಇಲ್ಲದಾದಾಗ ಎಂತಹ ಕಟ್ಟಡವೂ ಬೀಳುತ್ತದೆ. ಹೊಸದಾಗಿ ಕಟ್ಟಿದ್ದಕ್ಕೂ ಈ ಮಾತು ಅನ್ವಯಿಸುತ್ತದೆ.

ಬೇರೆಡೆಯ ಅನುಭವವೂ ಇದೆ. ಬೆಂಗಳೂರಿನ ರಸೆಲ್ ಮಾರುಕಟ್ಟೆ 1927ರದ್ದು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಅಲ್ಲಿನ ಬಹಳಷ್ಟು ಅಂಗಡಿಗಳು ಸುಟ್ಟವು. ಆದರೂ ಕಟ್ಟಡ ಉಳಿಯಿತು, ವ್ಯಾಪಾರ ಮತ್ತೆ ನಡೆಯಿತು. ಮುಂಬಯಿಯ ಕ್ರಾಫರ್ಡ್ ಮಾರುಕಟ್ಟೆ 1869ರದ್ದು, ಈಗ ಮಹಾತ್ಮ ಜ್ಯೋತಿಬಾ ಫುಲೆ ಹೆಸರಿನಲ್ಲಿದೆ. ಇಸ್ತಾನ್‌ಬುಲ್ ನಗರದ ದೊಡ್ಡ ಬಜಾರು 15ನೇ ಶತಮಾನದಲ್ಲಿ ಶುರುವಾದದ್ದು. ಬೆಂಕಿ ಮತ್ತು ಭೂಕಂಪಗಳನ್ನು ಕಂಡರೂ ಮತ್ತೆ ಮತ್ತೆ ದುರಸ್ತಿಯಾಗಿ ವ್ಯಾಪಾರ ಮುಂದುವರಿಸಿದೆ. ಉಳಿದ ಕಟ್ಟಡಗಳೆಲ್ಲ ಗಟ್ಟಿಯಾಗಿದ್ದವು ಎಂದಲ್ಲ, ಅವುಗಳನ್ನು ಉಳಿಸಿಕೊಳ್ಳುವ ಹಟ ಅಲ್ಲಿನವರಿಗಿತ್ತು.

ಊರ ಸಂತೆಯ ಚೌಕ

ಇದೆಲ್ಲ ಮೈಸೂರಿನ ಮಾತಾಯಿತು, ದಾವಣಗೆರೆ ಜಿಲ್ಲೆಯ ಮಕ್ಕಳಿಗೇನು ಎಂದು ಪೋಷಕರು ಕೇಳಬಹುದು. ಉತ್ತರ ಊರಿನಲ್ಲೇ ಇದೆ. ಚನ್ನಗಿರಿ ತಾಲ್ಲೂಕಿನಲ್ಲಿ ಸಂತೆಯನ್ನು ಹೆಸರಿನಲ್ಲೇ ಹೊತ್ತ ಊರಿದೆ, ಸಂತೆಬೆನ್ನೂರು. ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಅಲ್ಲಿನ ಪುಷ್ಕರಣಿ, ನೀರಿನ ನಡುವೆ ಎದ್ದುನಿಂತ ವಸಂತ ಮಂಟಪ, ದಂಡೆಯ ಮುಸಾಫಿರ್‌ ಖಾನೆ ಎಲ್ಲವೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಮುಸಾಫಿರ್‌ ಖಾನೆ ಎಂದರೆ ದಾರಿಹೋಕರ ತಂಗುದಾಣ. ನಾಲ್ಕು ಸುತ್ತಿನ ಮೆಟ್ಟಿಲು, ಮಂಟಪದ ಕಮಾನು, ಗೋಪುರ ಇವುಗಳಲ್ಲಿ ಹಿಂದೂ ಮತ್ತು ಇಸ್ಲಾಮಿ ಶೈಲಿಗಳು ಕೂಡಿಕೊಂಡಿವೆ. ಮೈಸೂರಿಗೆ ಹೋಗುವ ಬಸ್ಸಿಗಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ನೋಡಿಬರಬಹುದಾದ ಜಾಗ.

ಅದು ಹೆಸರಾದ ಸ್ಮಾರಕ. ಅದನ್ನು ನೋಡಿಕೊಳ್ಳಲು ಇಲಾಖೆಯಿದೆ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹಳೆಯ ಪೇಟೆ ಬೀದಿಗಳನ್ನು ನೋಡಿಕೊಳ್ಳುವವರು ಯಾರು? ಜಗುಲಿಯ ಮೇಲೆ ಗಾದಿ ಹಾಕಿ ಕೂರುವ ದಿನಸಿ ಅಂಗಡಿ, ಮರದ ಹಲಗೆಗಳನ್ನು ಒಂದೊಂದಾಗಿ ಸೇರಿಸಿ ಮುಚ್ಚುವ ಬಾಗಿಲು, ಮರದ ಕಂಬ, ನಾಡಹೆಂಚಿನ ಸೂರು ಇವು ಯಾವ ಪಟ್ಟಿಯಲ್ಲೂ ಇಲ್ಲ. ರಸ್ತೆ ಅಗಲವಾಗುವಾಗ, ಮನೆ ಪಾಲಾಗುವಾಗ ಅವು ಸದ್ದಿಲ್ಲದೆ ಹೋಗುತ್ತವೆ. ಸೇರು, ಪಾವು, ಚಟಾಕು, ತೊಲದ ಲೆಕ್ಕವೂ ಅವುಗಳ ಜೊತೆಗೇ ಹೋಗುತ್ತದೆ. 1956ರ ಕಾಯಿದೆಯಿಂದ ದೇಶಕ್ಕೆ ಮೆಟ್ರಿಕ್ ತೂಕ ಬಂತು, ಅದು ಒಳ್ಳೆಯದೇ. ಆದರೆ ಒಂದು ತೊಲ ಎಂದರೆ ಸುಮಾರು 11.66 ಗ್ರಾಂ ಎಂದು ಅಜ್ಜಿಯ ಮಾತನ್ನು ಗ್ರಾಮಿಗೆ ಇಳಿಸಿ ಬರೆದಿಡುವವರು ಬೇಕಲ್ಲ?

ಈ ಕೆಲಸಕ್ಕೆ ದೊಡ್ಡ ಹಣ ಬೇಡ. ಒಂದು ಅಳತೆ ಟೇಪು, ಒಂದು ನೋಟ್‌ಬುಕ್, ಭಾನುವಾರದ ಎರಡು ಗಂಟೆ ಸಾಕು. ಊರ ಸಂತೆ ಮೈದಾನದ ಉದ್ದಗಲ ಅಳೆದು ನಕ್ಷೆ ಬರೆಯುವುದು. ಯಾವ ಸರಕು ಯಾವ ಊರಿನಿಂದ ಬರುತ್ತದೆಂದು ಕೇಳಿ ಭೂಪಟದಲ್ಲಿ ಗುರುತಿಸುವುದು. ಹಳೆಯ ಅಂಗಡಿಯ ಗೋಡೆ ಮಣ್ಣಿನದೋ, ಸುಣ್ಣದ್ದೋ, ಸಿಮೆಂಟಿನದೋ ನೋಡಿ ಬರೆಯುವುದು. ಹಿರಿಯ ವ್ಯಾಪಾರಿಯನ್ನು ಕೂರಿಸಿಕೊಂಡು ಹಿಂದೆ ಇಲ್ಲಿ ಏನಿತ್ತು ಎಂದು ವಿಚಾರಿಸುವುದು. ಸುಣ್ಣದ ಗಾರೆ ಹೌದೋ ಅಲ್ಲವೋ ತಿಳಿಯಲು ಉದುರಿಬಿದ್ದ ಚೂರಿನ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು ನೊರೆ ಬರುತ್ತದೆಯೇ ನೋಡಬಹುದು. ಸಿಮೆಂಟಿನ ಚೂರೂ ಸ್ವಲ್ಪ ನೊರೆ ಕೊಟ್ಟೀತು. ಆದ್ದರಿಂದ ಬಣ್ಣ, ಮೆದುತನ ಎಲ್ಲವನ್ನೂ ಕೂಡಿಸಿ ತೀರ್ಮಾನಕ್ಕೆ ಬರಬೇಕು. ನಿಂತಿರುವ ಗೋಡೆಯನ್ನು ಮಾತ್ರ ಕೆರೆಯಬಾರದು.

ಮೈಸೂರಿಗೆ ಹೋಗುವ ಶಾಲೆಗಳಿಗೆ ಕೆಲವು ಸಲಹೆಗಳು. ಮಾರುಕಟ್ಟೆಗೆ ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಹೂವು ಆಗ ತಾಜಾ, ಜನಸಂದಣಿ ಕಡಿಮೆ. ಹತ್ತು ಹತ್ತು ಮಕ್ಕಳ ಗುಂಪು ಮಾಡಿ ಪ್ರತಿ ಗುಂಪಿಗೂ ಒಬ್ಬ ಶಿಕ್ಷಕರು ಇರಲಿ. ತಪ್ಪಿಸಿಕೊಂಡವರು ಬಂದು ನಿಲ್ಲಬೇಕಾದ ಜಾಗ ಚಿಕ್ಕ ಗಡಿಯಾರ ಎಂದು ಮೊದಲೇ ಹೇಳಿರಬೇಕು. ಬಿರುಕು ಬಿಟ್ಟ, ಹಗ್ಗ ಕಟ್ಟಿದ ಭಾಗಗಳ ಕೆಳಗೆ ನಿಲ್ಲಬಾರದು. ವ್ಯಾಪಾರದ ಹೊತ್ತಿನಲ್ಲಿ ದಾರಿ ಕಟ್ಟಬಾರದು. ಫೋಟೋ ತೆಗೆಯುವ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳಬೇಕು. ಹತ್ತು ರೂಪಾಯಿಯ ಹೂವೋ ಬಾಳೆಹಣ್ಣೋ ಕೊಂಡರೆ ಅವರೇ ನಾಲ್ಕು ಮಾತು ಹೆಚ್ಚಿಗೆ ಹೇಳುತ್ತಾರೆ. ಇಡೀ ಚೌಕ ನೋಡಲು ಒಂದೂವರೆ ಗಂಟೆ ಬೇಕು. ಮೃಗಾಲಯಕ್ಕೆ ಹೊರಡುವ ಮೊದಲು ಅಷ್ಟು ಹೊತ್ತು ಹೊಂದಿಸಿಕೊಳ್ಳುವುದು ಕಷ್ಟವಾಗಲಾರದು.